ಮಣಿಪಾಲದ ಏರಿನಲ್ಲಿ ಕ್ಲಚ್ಚಿಲ್ಲದ ಕಾರು

ಇಪ್ಪತ್ತಾರು ವರ್ಷ ನಾನು ಮೀನಿನ ಲಾರಿ ಓಡಿಸಿದವನು. ಮಲ್ಪೆಯಲ್ಲಿ ಮಂಜುಗಡ್ಡೆ ಹಾಕಿ ಮೀನು ತುಂಬಿಸಿಕೊಂಡು, ಕಾರ್ಕಳ, ಬಜಗೋಳಿ ದಾಟಿ ಮಾಳದ ಘಾಟಿ ಹತ್ತಿ, ಹೊತ್ತು ಏರುವುದರೊಳಗೆ ಮೇಲಿನ ಊರುಗಳ ಮಾರುಕಟ್ಟೆಗೆ ಬಂಗುಡೆ ಮುಟ್ಟಬೇಕಿತ್ತು. ಯಾವ ತಿರುವಿಗೆ ಯಾವ ಗೇರು ಎಂಬುದು ನನ್ನ ಎಡಗೈಗೇ ಗೊತ್ತಿತ್ತು, ನಾನು ಯೋಚಿಸುತ್ತಿರಲಿಲ್ಲ. ಹಾಗಿದ್ದವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗಣ್ಣಿನ ಮುಂದೆ ಮಸಿಯಂಥದ್ದು ಇಳಿಯತೊಡಗಿತು. ಮೊದಲು ಹುಳ ಎಂದುಕೊಂಡು ಕೈಯಿಂದ ಓಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ಕಣ್ಣಿನ ಅರ್ಧಭಾಗ ಮುಚ್ಚಿಹೋಗಿತ್ತು.

ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ಮಾತ್ರೆ ಒಂದು ದಿನ ನುಂಗುವುದು, ನಾಲ್ಕು ದಿನ ಬಿಡುವುದು, ಹಾಗೆ ನಡೆದಿತ್ತು. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಡಗಣ್ಣಿಗೆ ಬೆಳಕು ಕತ್ತಲೆ ಎರಡು ಮಾತ್ರ ಉಳಿದವು. ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕೆಂದು ಲೇಸರ್ ಹಾಕಿದರು, ತಿಂಗಳಿಗೊಂದು ಇಂಜೆಕ್ಷನ್ ಎಂದರು. ಡಾಕ್ಟರು ತುಂಬಾ ಮೆತ್ತಗಿನ ಮಾತಿನವರು. “ಸ್ಟೀರಿಂಗ್ ಇನ್ನು ಮುಟ್ಟುವುದು ಬೇಡ” ಎಂದು ಅವರು ಹೇಳಿದಾಗ, ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ನಾನು ಕೈ ಕೊಡವಿದೆ. ಅದನ್ನು ಡಾಕ್ಟರೂ ನೋಡಿದರು.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಕಡಲಿನ ಕಡೆಗೆ ಹೋಗುವ ರಸ್ತೆಯಲ್ಲಿ. ಮಕ್ಕಳಿಲ್ಲ. ಅವಳು ಮನೆಯ ಚಾವಡಿಯಲ್ಲೇ ಹೊಲಿಗೆ ಮಿಷನು ಇಟ್ಟುಕೊಂಡು ರವಿಕೆ, ಚೂಡಿದಾರ ಹೊಲಿಯುತ್ತಿದ್ದಳು. ನಾನು ಲಾರಿಯಲ್ಲಿದ್ದಷ್ಟು ಕಾಲ ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಕಣ್ಣು ಹೋದ ಮೇಲೆ ದಿನವಿಡೀ ಅವಳ ಮಿಷನಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಚಾ ತಣ್ಣಗಾಯಿತು, ಫ್ಯಾನು ಜೋರಾಯಿತು, ಹೊಲಿಸಲು ಬಂದವರ ಹತ್ತಿರ ಇಷ್ಟು ಹೊತ್ತು ಎಂತ ಮಾತು ಎಂದು ಬೈಯುತ್ತಿದ್ದೆ. ಅವಳು ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಬೈಗುಳ ಜಾಸ್ತಿಯಾದಷ್ಟೂ ಮಿಷನು ಬೇಗ ಬೇಗ ಓಡುತ್ತಿತ್ತು.

ಕಾರು ಬೇಕೆಂದದ್ದು ಅವಳೇ. ಪ್ರತಿ ತಿಂಗಳು ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ, ಇಂಜೆಕ್ಷನ್ ಆದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಎರಡೂ ಕಣ್ಣು ಕಾಣದವನಂತೆ ನಾನು ಬಸ್ಸು ಹತ್ತಿ ಇಳಿಯಬೇಕಿತ್ತು. ನಮ್ಮ ಲಾರಿಯನ್ನು ದಿನವೂ ನೋಡುತ್ತಿದ್ದ ಕಂಡಕ್ಟರುಗಳು “ಕೈ ಕೊಡಿ ಅಣ್ಣ” ಎನ್ನುವಾಗ ನನಗೆ ಸಾಯುವಷ್ಟು ನಾಚಿಕೆಯಾಗುತ್ತಿತ್ತು. ಅವಳಿಗೆ ಅದು ಗೊತ್ತಾಗಿತ್ತು. ಪಕ್ಕದ ಮನೆಯ ಬ್ಯಾರಿ ಹೆಂಗಸು, ಗಂಡ ದುಬೈಯಲ್ಲಿರುವವಳು, ಆಟೋಮ್ಯಾಟಿಕ್ ಕಾರು ಓಡಿಸುತ್ತಿದ್ದಳು. ಆಕೆಯೇ ವಿಚಾರಿಸಿ ಪಡುಬಿದ್ರಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ನೋಡಿಕೊಟ್ಟಳು. ಅದೂ ಆಟೋಮ್ಯಾಟಿಕ್. ಹೊಲಿಗೆಯ ದುಡ್ಡಿನಲ್ಲಿ ಹೆಂಡತಿ ಅದನ್ನು ತರಿಸಿ ಅಂಗಳದಲ್ಲಿ ನಿಲ್ಲಿಸಿದಾಗ ನಾನು ಒಳಗೆ ಇಣುಕಿ ನೋಡಿದೆ. ಎಡಗಾಲಿಗೆ ಕೆಲಸವೇ ಇಲ್ಲ.

“ಇದೆಂತ ಗಾಡಿ ಮಾರಾಯ್ತಿ? ಮಕ್ಕಳ ಆಟದ ಸಾಮಾನು” ಎಂದೆ.

“ನನಗೆ ಇಷ್ಟು ಸಾಕು. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ” ಎಂದಳು. ಆಗ ಅವಳ ಮುಖದಲ್ಲಿ ಇದ್ದ ಸಂತೋಷ ನನಗೆ ಈಗಲೂ ಕಾಣುತ್ತದೆ. ನನಗೂ ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂಬ ಸಂತೋಷ ಅದು.

ಲೈಟ್‌ಹೌಸಿನ ಹತ್ತಿರದ ಸಮತಟ್ಟು ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರುಮಾಡಿದೆವು. ಆ ಮೊದಲ ಎರಡು ವಾರ ಚೆನ್ನಾಗಿದ್ದವು. ಬ್ರೇಕಿನಿಂದ ಕಾಲು ತೆಗೆದರೆ ಕಾರು ತಾನೇ ಮೆಲ್ಲಗೆ ಮುಂದೆ ಹೋಗುತ್ತಿತ್ತು, ಅವಳು ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು. ಒಂದೇ ತೊಂದರೆ ಎಂದರೆ, ಅವಳು ಎರಡೂ ಕಾಲು ಬಳಸುತ್ತಿದ್ದಳು. ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ. ಮೂವತ್ತು ವರ್ಷ ಹೊಲಿಗೆ ಮಿಷನು ತುಳಿದವಳ ಕಾಲು, ಒಂದನ್ನು ಸುಮ್ಮನಿಡುವುದು ಅವಳಿಗೆ ಆಗುತ್ತಿರಲಿಲ್ಲ. “ಎಡಗಾಲು ತೆಗಿ” ಎಂದು ಹೇಳುತ್ತಿದ್ದೆ. ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಆ ಕಾಲು ಅವಳಿಗೇ ತಿಳಿಯದಂತೆ ಮತ್ತೆ ಬಂದು ಕೂರುತ್ತಿತ್ತು.

ಅವಳಿಗೆ ಲೈಸೆನ್ಸು ಬರುವ ಮೊದಲೇ, ಎಲ್ ಬೋರ್ಡು ಹಾಕಿಕೊಂಡು ಒಂದು ಸಲ ಮಣಿಪಾಲಕ್ಕೆ ಹೋಗಿ ನೋಡುವ ಎಂದು ನಾನೇ ಹೊರಡಿಸಿದೆ. ಅವಳಿಗೆ ಹೆದರಿಕೆಯಿತ್ತು. “ಅಲ್ಲಿ ಚಡಾವು ಉಂಟಲ್ಲ” ಎಂದಳು. ಮಾಳದ ಘಾಟಿ ಹತ್ತಿದವನು ಪಕ್ಕದಲ್ಲಿದ್ದೇನೆ, ನಿನಗೆಂತ ಹೆದರಿಕೆ ಎಂದೆ. ಹೆದ್ದಾರಿಯ ಗದ್ದಲ ಬೇಡವೆಂದು ಅಲೆವೂರಿನ ಒಳರಸ್ತೆ ಹಿಡಿಸಿದೆ. ಅಲ್ಲಿಂದ ಮಣಿಪಾಲಕ್ಕೆ ಹತ್ತುವ ಏರು ಹೇಗಿದೆಯೆಂದು ಆ ದಾರಿಯಲ್ಲಿ ಹೋದವರಿಗೆ ಗೊತ್ತು. ರಸ್ತೆ ಅಗಲವಿಲ್ಲ. ಮೇಲಿನಿಂದ ಬಸ್ಸೊಂದು ಬಂದರೆ ಹತ್ತುವವರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು.

ಅರ್ಧ ಹತ್ತಿದಾಗ ಬಸ್ಸು ಬಂತು. ಅವಳು ನಿಲ್ಲಿಸಿದಳು. ನಮ್ಮ ಹಿಂದೆ ಒಂದು ಬಿಳಿ ಕಾರು, ಅದರ ಹಿಂದೆ ರಿಕ್ಷಾ, ಎರಡು ಬೈಕು. ಬಸ್ಸು ದಾಟಿತು. ಅವಳು ಬ್ರೇಕಿನಿಂದ ಕಾಲು ಸಡಿಲಿಸಿದ ಕೂಡಲೇ ಕಾರು ಹಿಂದಕ್ಕೆ ಜಾರಿತು. ಗಾಬರಿಯಿಂದ ಮತ್ತೆ ಬ್ರೇಕ್ ಒತ್ತಿದಳು.

“ಕಾಲು ತೆಗೆದ ಕೂಡಲೇ ಹಿಂದೆ ಹೋಗ್ತದೆ. ಎಂತ ಮಾಡುವುದು?”

“ಆಕ್ಸಿಲರೇಟರ್ ಕೊಡು!”

“ಕೊಟ್ರೂ ಹೋಗುವುದಿಲ್ಲ.”

“ಎಡಗಾಲು ಬ್ರೇಕಿನ ಮೇಲೆ ಇಟ್ಟುಕೊಂಡು ಕೊಟ್ರೆ ಎಲ್ಲಿಂದ ಹೋಗ್ತದೆ? ತೆಗಿ ಆ ಕಾಲು!”

ತೆಗೆದಳು. ಇಂಜಿನ್ ಎಳೆಯುವ ಮೊದಲೇ ಕಾರು ಇನ್ನಷ್ಟು ಜಾರಿತು. ಹಿಂದಿನವರು ಹಾರ್ನ್ ಹಾಕಿದರು. ಅವಳು ಬ್ರೇಕ್ ಒತ್ತುವಷ್ಟರಲ್ಲಿ ನಮ್ಮ ಹಿಂಬದಿ ಆ ಬಿಳಿ ಕಾರಿಗೆ ಟಕ್ ಎಂದು ತಾಗಿತು.

“ಎಂತ ಮಾಡುವುದು? ಹೇಳಿ, ಎಂತ ಮಾಡುವುದು?” ಎಂದು ಅವಳು ಮತ್ತೆ ಕೇಳಿದಳು.

ಇಲ್ಲಿ ನಾನು ನಿಜ ಹೇಳಬೇಕು. ಎಂತ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಲಾರಿಯಾದರೆ ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುತ್ತಿದ್ದೆ, ಎಷ್ಟು ಭಾರವಿದ್ದರೂ ಒಂದು ಅಂಗುಲ ಹಿಂದೆ ಬಿಡುತ್ತಿರಲಿಲ್ಲ. ಈ ಕಾರಿನಲ್ಲಿ ಕ್ಲಚ್ಚೇ ಇಲ್ಲ, ಹಿಡಿಯುವುದು ಯಾವುದನ್ನು? ಗೊತ್ತಿಲ್ಲವಲ್ಲ ಎಂಬ ಸಿಟ್ಟು ಪೂರಾ ಬಾಯಿಗೆ ಬಂತು. ಲಾರಿಯ ಕ್ಲೀನರುಗಳಿಗೆ ಬೈಯುತ್ತಿದ್ದ ಮಾತುಗಳನ್ನೆಲ್ಲ ಅವಳಿಗೆ ಬೈದೆ. ಬೈಯುತ್ತಾ, ಬ್ರೇಕಿನ ಮೇಲಿದ್ದ ಅವಳ ಎಡಗಾಲಿನ ಮೊಣಕಾಲಿಗೆ ಅಂಗೈಯಿಂದ ಹೊಡೆದೆ.

ಜೋರಿನ ಏಟಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕಿಟಕಿಯ ಗಾಜು ಇಳಿಸಿಯೇ ಇತ್ತು. ಬಿಳಿ ಕಾರಿನವನು ಇಳಿದು ನಮ್ಮ ಕಿಟಕಿಯ ಹತ್ತಿರ ಬಂದಿದ್ದ. ಅವನಿಗೆ ಕೇಳಿಸಿತು. ತನ್ನ ಬಂಪರಿನ ವಿಷಯ ಮಾತಾಡಲು ಬಂದವನು ಹಾಗೇ ಹಿಂದಕ್ಕೆ ಹೋದ.

ಅವಳು ಅಳಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಳು, ಇಂಜಿನ್ ಬಂದ್ ಮಾಡಿದಳು. ಕೀಲಿಯನ್ನು ನನ್ನ ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಇಳಿದು ಕೆಳಗಿನ ಕಡೆಗೆ ನಡೆದಳು. ನಾನು ಕಿಟಕಿಯಿಂದ ತಲೆ ಹೊರಹಾಕಿ “ಏಯ್, ಎಲ್ಲಿಗೆ?” ಎಂದು ಕೂಗಿದೆ. ತಿರುಗಿ ನೋಡಲಿಲ್ಲ. ತಿರುವಿನವರೆಗೆ ಅವಳ ಹಸುರು ಸೀರೆ ಕಂಡಿತು. ಆಮೇಲೆ ನನ್ನ ಕಣ್ಣಿಗೆ ಅಷ್ಟು ದೂರ ನಿಲುಕಲಿಲ್ಲ.

ಕೊನೆಗೆ ರಿಕ್ಷಾದವನು ಬಂದು “ನೀವು ಗಾಡಿ ಬಿಡುವುದಿಲ್ವಾ?” ಎಂದು ಕೇಳಿದ. ಕಣ್ಣಿಲ್ಲ ಎಂದೆ. ಅವನು ಅವಳ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಹಿಡಿದಿದ್ದಂತೆಯೇ ಆಕ್ಸಿಲರೇಟರ್ ಕೊಟ್ಟು, ಇಂಜಿನ್ ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟ. ಕಾರು ಒಂದಿಷ್ಟೂ ಹಿಂದೆ ಹೋಗದೆ ಏರು ಹತ್ತಿತು. ಅಷ್ಟೇ ಇದ್ದದ್ದು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಅಷ್ಟೇ.

ಯಾರನ್ನೋ ಹಿಡಿದು ಕಾರನ್ನು ಮನೆಗೆ ತರಿಸುವಾಗ ಸಂಜೆಯಾಗಿತ್ತು. ಅವಳು ಬಸ್ಸಿನಲ್ಲಿ ಆಗಲೇ ಬಂದಿದ್ದಳು. ಅನ್ನ ಆಗಿತ್ತು, ಬೂತಾಯಿ ಮೀನಿನ ಸಾರು ಆಗಿತ್ತು. ಬಡಿಸಿದಳು. ಕಣ್ಣಿಗೆ ಮದ್ದು ಬಿಟ್ಟಳು. ಆಮೇಲೆ ಒಂದೇ ಮಾತು ಹೇಳಿದಳು: “ಇನ್ನು ಕಾರು ಕಲಿಯುವುದಕ್ಕೆ ನಿಮ್ಮೊಟ್ಟಿಗೆ ಕೂತುಕೊಳ್ಳುವುದಿಲ್ಲ.” ಕಲಿಯುವುದನ್ನೇ ಬಿಟ್ಟಳು ಎಂದು ನಾನು ತಿಳಿದುಕೊಂಡೆ.

ಬಿಟ್ಟಿರಲಿಲ್ಲ. ವಾರದ ಮೇಲೆ ಪಕ್ಕದ ಮನೆಯಾಕೆ ಬಂದು ನನ್ನೆದುರೇ “ಬನ್ನಿ ಅಕ್ಕ, ಹೋಗುವ” ಎಂದು ಕರೆದುಕೊಂಡು ಹೋದಳು. ದಿನಾ ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದರು. ಶಿರ್ವದ ಕಡೆಯ ಏರುಗಳಲ್ಲಿ ನಿಲ್ಲಿಸಿ ಹೊರಡಿಸುವುದನ್ನು ಆಕೆ ಕಲಿಸುತ್ತಿದ್ದಳಂತೆ. ಒಂದು ಬೆಳಿಗ್ಗೆ ಅವರು ಅಂಗಳಕ್ಕೆ ಬಂದು ನಿಂತಾಗ ಕಾರಿನೊಳಗಿಂದ ಮಾತು ಕೇಳಿಸಿತು. “ನನಗೂ ಮೊದಲು ಹತ್ತು ಸಲ ಹಿಂದೆ ಹೋಗಿತ್ತು ಅಕ್ಕ. ಒಂದು ಸಲ ಗದ್ದೆಗೇ ಇಳಿದಿದ್ದೆ” ಎಂದಳು ಆಕೆ. ಇಬ್ಬರೂ ನಕ್ಕರು. ನನ್ನ ಹೆಂಡತಿ ಹಾಗೆ ಬಾಯಿ ತುಂಬಾ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ಯೋಚಿಸಿದೆ. ಲೈಟ್‌ಹೌಸಿನ ರಸ್ತೆಯ ಆ ಎರಡು ವಾರ ಬಿಟ್ಟರೆ ಬೇರೆ ಯಾವುದೂ ನೆನಪಾಗಲಿಲ್ಲ.

ಲೈಸೆನ್ಸು ಬಂತು. ತಿಂಗಳಿಗೊಮ್ಮೆ ನನ್ನನ್ನು ಮಣಿಪಾಲಕ್ಕೆ ಅವಳೇ ಕರೆದುಕೊಂಡು ಹೋಗತೊಡಗಿದಳು. ಮೊದಲ ದಿನ ನಾನು ಎದುರಿನ ಬಾಗಿಲು ತೆಗೆದಾಗ “ಹಿಂದೆ ಕೂತುಕೊಳ್ಳಿ” ಎಂದಳು. ಕೋಪವಿರಲಿಲ್ಲ ಅದರಲ್ಲಿ. ಬಾಡಿಗೆಗೆ ಕರೆದವರಿಗೆ ಹೇಳುವ ಹಾಗೆ ಇತ್ತು. ಹಿಂದೆ ಕೂತೆ.

ಅವಳ ಅಕ್ಕನ ಮನೆ ಕಾರ್ಕಳದಲ್ಲಿ, ಕಲ್ಲುಬಂಡೆಯ ಗುಡ್ಡೆಯ ಬುಡದಲ್ಲಿ. ಗಂಡ ತೀರಿಕೊಂಡಿದ್ದವರು, ಒಬ್ಬರೇ ಇದ್ದವರು. ಆ ಮಳೆಗಾಲದಲ್ಲಿ ಮೆಟ್ಟಿಲಿನಲ್ಲಿ ಜಾರಿಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಹೆಂಡತಿ ಮೊದಲು ಭಾನುವಾರ ಹೋಗಿ ಸಂಜೆ ಬರುತ್ತಿದ್ದಳು. ಆಮೇಲೆ ಎರಡು ದಿನ, ಆಮೇಲೆ ವಾರದಲ್ಲಿ ನಾಲ್ಕು ದಿನ. ಹೋಗುವ ಮೊದಲು ನನಗೆ ಸಾರು, ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆಯ ಮಾತ್ರೆ ಒಂದು ಡಬ್ಬಿಯಲ್ಲಿ, ರಾತ್ರಿಯದ್ದು ಇನ್ನೊಂದು ಡಬ್ಬಿಯಲ್ಲಿ ಹಾಕಿಟ್ಟು ಹೋಗುತ್ತಿದ್ದಳು. ಒಂದು ದಿನ ಹೊಲಿಗೆ ಮಿಷನನ್ನು ಟೆಂಪೋಗೆ ಹಾಕಿಸಿದಳು.

“ಮಿಷನು ಯಾಕೆ?” ಎಂದು ಕೇಳಿದೆ.

“ಅಲ್ಲಿ ಪೇಟೆಯಲ್ಲಿ ಕೆಲಸ ಸಿಗ್ತದೆ. ಅಕ್ಕನನ್ನು ನೋಡಿಕೊಂಡು ಹೊಲಿಯಬಹುದು.”

ಮಿಷನು ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಲೆಗಳು ಉಳಿದವು. ಅವಳು ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅಷ್ಟು ದಿನ ನಾನು ಅಕ್ಕನ ಸೊಂಟ ಸರಿಯಾಗುವುದನ್ನು ಕಾಯುತ್ತಿದ್ದೆ.

ಅಕ್ಕನ ಸೊಂಟ ಸರಿಯಾಯಿತು, ಕೋಲು ಹಿಡಿದು ನಡೆಯತೊಡಗಿದರು. ಮತ್ತೂ ಎರಡು ತಿಂಗಳು ನೋಡಿ, ಒಂದು ಬೆಳಿಗ್ಗೆ ನಾನೇ ಬಸ್ಸು ಹತ್ತಿ ಬೆಳ್ಮಣ್ಣಿನ ದಾರಿಯಾಗಿ ಕಾರ್ಕಳಕ್ಕೆ ಹೋದೆ. ಆ ದಾರಿಯ ಒಂದೊಂದು ಏರೂ ನನಗೆ ಬಾಯಿಪಾಠ. ಡ್ರೈವರು ಗೇರು ಬದಲಿಸುವ ಮೊದಲೇ ನನ್ನ ಕೈ ಅಲುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಆಚೆ ಸರಿದಳು.

ಅಕ್ಕನ ಮನೆಗೆ ಹೋಗುವ ಓಣಿ ಕಡಿದಾದ ಏರು, ಕಾಂಕ್ರೀಟು ಹಾಕಿದ್ದು. ಅದರ ತುದಿಯಲ್ಲಿ, ಗೋಡೆಗೆ ಒತ್ತಿ ನಮ್ಮ ಕಾರು ನಿಂತಿತ್ತು. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿದ್ದಳು. ಲಾರಿಯವರು ಕೊಡುವ ಹಾಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅವಳು ಚಾ ತಂದಿಟ್ಟು ಮಿಷನಿನ ಎದುರು ಕೂತಳು. ಅಕ್ಕ ಒಳಗೆ ಹೋದರು.

“ಮನೆಗೆ ಬರುವುದಿಲ್ವಾ?” ಎಂದು ಕೇಳಿದೆ.

“ಇಲ್ಲಿ ಕೆಲಸ ಉಂಟಲ್ಲ.”

“ಅಕ್ಕನನ್ನೂ ಕರ್ಕೊಂಡು ಬಾ. ಮನೆಯಲ್ಲಿ ಕೋಣೆ ಖಾಲಿ ಉಂಟು.”

ಅವಳು ಬಟ್ಟೆಯ ಅಂಚು ಮಡಚುತ್ತಾ ಇದ್ದಳು. ನಾನು ಬರುವಾಗ ಬಸ್ಸಿನಲ್ಲಿ ಬೇರೇನೋ ಮಾತು ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಇದು: “ಒಂದೇ ಸಲ ಹೊಡೆದದ್ದು ನಾನು. ಇಷ್ಟು ವರ್ಷದಲ್ಲಿ ಒಂದೇ ಸಲ.”

“ಹೊಡೆದದ್ದಕ್ಕೆ ಅಂತ ಅಲ್ಲ.” ಅವಳು ಬಟ್ಟೆಯನ್ನು ಕೆಳಗಿಟ್ಟಳು. “ಆ ದಿನ ನಾನು ನಿಮ್ಮ ಹತ್ರ ಕೇಳಿದೆ ಅಲ್ವಾ, ಎಂತ ಮಾಡುವುದು ಅಂತ? ಎರಡು ಸಲ ಕೇಳಿದೆ. ನಿಮಗೆ ಗೊತ್ತಿರಲಿಲ್ಲ.”

“ಇಲ್ಲ” ಎಂದೆ. “ಗೊತ್ತಿರಲಿಲ್ಲ.”

“ಗೊತ್ತಿಲ್ಲ ಅಂತ ಹೇಳಬಹುದಿತ್ತು. ನನಗೆ ಅದು ಆಮೇಲೆ ತಿಳಿದದ್ದು, ಹ್ಯಾಂಡ್‌ಬ್ರೇಕ್ ವಿಷಯ ಕಲಿತ ಮೇಲೆ. ಇಪ್ಪತ್ತನಾಲ್ಕು ವರ್ಷ ನೀವು ಬೈಯುವಾಗೆಲ್ಲ ನಾನು ಗ್ರಹಿಸಿದ್ದು, ನಿಮಗೆ ಗೊತ್ತುಂಟು, ನನಗೆ ಗೊತ್ತಿಲ್ಲ, ಅದಕ್ಕೆ ಬೈತೀರಿ ಅಂತ. ನಿಮಗೇ ಗೊತ್ತಿಲ್ಲದಿದ್ದಾಗಲೂ ಬೈತೀರಿ ಅಂತ ಗೊತ್ತಾದ ಮೇಲೆ ನನಗೆ ಆ ಹಿಂದಿನದ್ದೆಲ್ಲ ನೆನಪಾಗ್ಲಿಕ್ಕೆ ಶುರುವಾಯಿತು. ಒಂದೊಂದೇ.”

ನಾನು ತಪ್ಪಾಯಿತು ಎಂದೆ. ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳಿಗೂ ಅದು ಗೊತ್ತಿತ್ತು, ಯಾಕೆಂದರೆ ಅವಳ ಕಣ್ಣು ತುಂಬಿತು.

“ಆಯಿತು” ಎಂದಳು. “ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಇಲ್ಲಿ ಬೆಳಿಗ್ಗೆ ಎದ್ದಾಗ ಎದೆ ಹಗುರ ಇರ್ತದೆ. ಅದನ್ನು ಬಿಟ್ಟು ಬರ್ಲಿಕ್ಕೆ ಮನಸ್ಸು ಬರುವುದಿಲ್ಲ. ಊಟ ಮಾಡಿಕೊಂಡು ಹೋಗಿ.”

ಊಟ ಮಾಡಿದೆ. ಬಸ್‌ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಟ್ಟಳು. ಓಣಿಯ ಇಳಿಜಾರಿನಲ್ಲಿ ಗೇರಿನ ಹಿಡಿಯನ್ನು ನಾವೇ ಗೇರು ಹಾಕುವ ಕಡೆಗೆ ತಳ್ಳಿ, ಒಂದನೆಯ ಗೇರಿನಲ್ಲೇ ಹಿಡಿದು, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಇಳಿಸಿದಳು. ಇಂಜಿನ್ ಗುರ್ ಎನ್ನುತ್ತಾ ಕಾರನ್ನು ಹಿಡಿದುಕೊಂಡಿತ್ತು. ಅಷ್ಟು ಚೆಂದ ನಾನೂ ಇಳಿಸುತ್ತಿರಲಿಲ್ಲ. ಹೇಳಬೇಕೆಂದುಕೊಂಡೆ. ಇಷ್ಟೆಲ್ಲ ಆದ ಮೇಲೆ ಹೊಗಳಿದರೆ ಅದಕ್ಕೆ ಎಂತ ಬೆಲೆ ಎನಿಸಿ ಸುಮ್ಮನಾದೆ. ಅದೂ ನನ್ನ ತಪ್ಪೇ ಇರಬೇಕು.

ಮೂರು ವರ್ಷವಾಯಿತು. ನಾವು ಕೋರ್ಟಿಗೆ ಹೋಗಿಲ್ಲ, ಯಾರನ್ನೂ ಕೂರಿಸಿ ಪಂಚಾಯಿತಿ ಮಾಡಿಲ್ಲ. ಕೇಳಿದವರಿಗೆ ನಾನು “ಅಕ್ಕನಿಗೆ ಹುಷಾರಿಲ್ಲ, ಅಲ್ಲಿದ್ದಾಳೆ” ಎನ್ನುತ್ತೇನೆ. ಅವಳೂ ಹಾಗೇ ಹೇಳುತ್ತಾಳಂತೆ. ಅನ್ನ, ಸಾರು ಮಾಡಲು ಕಲಿತಿದ್ದೇನೆ. ಮಾತ್ರೆ ಬಿಡುವುದಿಲ್ಲ. ಬೈಯಲು ಮನೆಯಲ್ಲಿ ಯಾರೂ ಇಲ್ಲ, ಬೈಗುಳವೂ ಬಾಯಿಗೆ ಬರುವುದಿಲ್ಲ. ಯಾರ ಹತ್ತಿರವಾದರೂ ಗಟ್ಟಿಯಾಗಿ ಮಾತಾಡಿದರೆ ನನ್ನ ಧ್ವನಿ ನನಗೇ ಬೇರೆಯವರದ್ದಂತೆ ಕೇಳಿಸುತ್ತದೆ.

ಆದರೆ ಮಣಿಪಾಲದ ದಿನ ಅವಳು ತಪ್ಪಿಸಿದ್ದಿಲ್ಲ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ, ಬೆಳಿಗ್ಗೆ ಏಳೂವರೆಗೆ ಕಾರ್ಕಳದಿಂದ ಬಂದು ಅಂಗಳದಲ್ಲಿ ಒಂದು ಸಲ ಹಾರ್ನ್ ಹಾಕುತ್ತಿದ್ದಳು. ನಾನು ಹಿಂದಿನ ದಿನವೇ ಅಂಗಿ ಇಸ್ತ್ರಿ ಮಾಡಿಟ್ಟಿರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತರೆ ಅವಳ ಕತ್ತು, ಕಿವಿಯ ಹತ್ತಿರ ನರೆತ ಕೂದಲು, ಕನ್ನಡಿಯಲ್ಲಿ ಕಣ್ಣು ಕಾಣುತ್ತಿದ್ದವು. ಅಲೆವೂರಿನ ಏರು ಬಂದಾಗ ಇಬ್ಬರೂ ಮಾತಾಡುತ್ತಿರಲಿಲ್ಲ. ಉಳಿದಂತೆ ಮೀನಿನ ಬೆಲೆ, ಅಕ್ಕನ ಆರೋಗ್ಯ, ಪಕ್ಕದ ಮನೆಯಾಕೆ ದುಬೈಗೆ ಹೋದದ್ದು, ಹೀಗೆ ಏನೇನೋ ಮಾತಾಡುತ್ತಿದ್ದೆವು. ಆಸ್ಪತ್ರೆಯಲ್ಲಿ ಹೆಸರು ಕರೆಯುವವರೆಗೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಹೊಸಬರು ನೋಡಿದರೆ ಗಂಡ ಹೆಂಡತಿ ಎಂದುಕೊಳ್ಳುತ್ತಿದ್ದರು. ಹೌದಲ್ಲ, ಗಂಡ ಹೆಂಡತಿಯೇ.

ಕಳೆದ ಸಲ ಡಾಕ್ಟರು ಬಹಳ ಹೊತ್ತು ಬಲಗಣ್ಣನ್ನು ನೋಡಿದರು. ಯಂತ್ರದ ಚಿತ್ರಗಳನ್ನೆಲ್ಲ ತಿರುಗಿಸಿ ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಎಳೆದುಕೊಂಡು ನಕ್ಕರು.

“ತುಂಬಾ ಚೆನ್ನಾಗಿ ನಿಂತಿದೆ. ಸಕ್ಕರೆಯನ್ನೂ ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಇಂಜೆಕ್ಷನ್ ಇನ್ನು ಬೇಡ. ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು.”

“ವರ್ಷಕ್ಕೊಮ್ಮೆಯಾ?” ಎಂದು ನಾನು ಕೇಳಿದೆ. “ನಡುವಲ್ಲಿ ಒಂದು ಸಲ ಬರುವುದು ಬೇಡ್ವಾ ಡಾಕ್ಟರೇ?”

“ಯಾಕೆ ಸುಮ್ಮನೆ ತೊಂದರೆ? ಕಣ್ಣು ಮಂಜಾದರೆ ಮಾತ್ರ ಬನ್ನಿ.”

ಹೊರಗೆ ಬಂದಾಗ ಅವಳು “ಒಳ್ಳೆಯದಾಯಿತಲ್ಲ” ಎಂದಳು. ನಿಜವಾಗಿ ಸಂತೋಷಪಟ್ಟು ಹೇಳಿದಳು. ನಾನು ಹೌದು ಎಂದೆ. ಗೇಟಿನ ಹತ್ತಿರ ಇಳಿದಾಗ ಚಾ ಕುಡಿದು ಹೋಗು ಎಂದೆ. ಮದುವೆಯ ರವಿಕೆಗಳು ಸಂಜೆಯೊಳಗೆ ಕೊಡಬೇಕು ಎಂದಳು. ಕಾರು ತಿರುಗಿಸಿಕೊಂಡು, ಕೈ ಎತ್ತಿ, ಹೆದ್ದಾರಿಯ ಕಡೆಗೆ ಹೋದಳು.

ಇವತ್ತಿಗೆ ನಾಲ್ಕು ತಿಂಗಳು. ಒಂದೆರಡು ಸಲ ಕಣ್ಣು ಮಂಜಾಗಿದೆ ಎಂದು ಹೇಳಲು ಫೋನು ಕೈಗೆ ತೆಗೆದುಕೊಂಡಿದ್ದೇನೆ. ಹೇಳಿದರೆ ಅವಳು ಮರುದಿನವೇ ಬರುತ್ತಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ಕೈಯಲ್ಲಿರುವ ಬಟ್ಟೆ ಬಿಟ್ಟು, ಅಕ್ಕನಿಗೆ ಅನ್ನ ಮಾಡಿಟ್ಟು, ಅಷ್ಟು ಏರು ಇಳಿಜಾರು ದಾಟಿ ಗಾಬರಿಯಿಂದ ಬರುತ್ತಾಳೆ. ಆ ಗಾಬರಿಯ ಮುಖ ನಾನು ಒಮ್ಮೆ ನೋಡಿದ್ದೇನೆ. ಫೋನನ್ನು ಮತ್ತೆ ಕೆಳಗಿಡುತ್ತೇನೆ.